ತೊಯಾಮಾ ಕೊಲ್ಲಿಯಿಂದ ಕನಝಾವಾದವರೆಗೆ: ಇಜಕಾಯಾಗಳ ಜಾಡು ಹಿಡಿದು

ಜಪಾನ್ ಸಮುದ್ರಕ್ಕೆ ಮುಖ ಮಾಡಿ ನಿಂತಿರುವ ಹೊಕುರಿಕು ಕರಾವಳಿಗೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಕನಝಾವಾದ ಉದ್ಯಾನವನ್ನೂ ಹಳೆಯ ಬೀದಿಗಳನ್ನೂ ನೋಡಿ ಬರುತ್ತಾರೆ. ನಾನೂ ಯೊಕೊಹಾಮಾದಲ್ಲಿ ಬಹುಕಾಲದಿಂದ ನೆಲೆಸಿರುವ ನನ್ನ ಕುಂದಾಪುರದ ಗೆಳೆಯನೂ ಏಪ್ರಿಲ್ ತಿಂಗಳ ನಡುವಿನಲ್ಲಿ ಅತ್ತ ಹೊರಟದ್ದು ಅಲ್ಲಿನ ಇಜಕಾಯಾಗಳಿಗಾಗಿ. ಅಕ್ಕಿಯಿಂದ ಮಾಡಿದ ಸಾಕೆಯನ್ನು ಕುಡಿಯಲು ಕೊಟ್ಟು, ಅದರೊಡನೆ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ತಿನಿಸು ಬಡಿಸುವ, ದುಡಿದು ದಣಿದವರು ಮನೆ ಸೇರುವ ಮುನ್ನ ಒಂದಷ್ಟು ಹೊತ್ತು ಕೂರುವ ಅಂಗಡಿಯೇ ಇಜಕಾಯಾ. ಇಂದಿನ ಟೋಕಿಯೊ ನಗರ ಎದೊ ಎಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ, 1811ರಲ್ಲಿ ನಡೆದ ಎಣಿಕೆಯ ಪ್ರಕಾರ, ಆ ಒಂದು ಊರಿನಲ್ಲೇ ಇಂಥ 1,808 ಅಂಗಡಿಗಳಿದ್ದವು. ಈಗ ದೊಡ್ಡ ಕಂಪನಿಗಳ ಮಳಿಗೆಗಳು ದೇಶದ ತುಂಬ ಹಬ್ಬಿವೆ. ಅವುಗಳಲ್ಲಿ ಯಾವ ಊರಿಗೆ ಹೋದರೂ ಅದೇ ಪಟ್ಟಿ, ಅದೇ ರುಚಿ. ಆದರೆ ಒಬ್ಬ ಮಾಲೀಕ ತಾನೇ ಬಂದರಿನಿಂದ ಮೀನು ತಂದು, ತಾನೇ ಕೊಯ್ದು, ತನ್ನ ಊರಿನ ಸಾಕೆಯೊಡನೆ ಬಡಿಸುವ ಅಂಗಡಿಗಳು ಸಣ್ಣ ಊರುಗಳಲ್ಲಿ ಇನ್ನೂ ಉಳಿದಿವೆ. ಅಂಥ ಕಡೆ ಕೂತರೆ ಆ ಊರಿನ ಕಡಲು ಮತ್ತು ಬೆಟ್ಟ ಎರಡೂ ತಟ್ಟೆಗೆ ಬರುತ್ತವೆ ಎಂದು ಗೆಳೆಯ ವರ್ಷಗಳಿಂದ ಹೇಳುತ್ತಲೇ ಇದ್ದ.

ಮೊದಲ ದಿನ: ತೊಯಾಮಾ

ಟೋಕಿಯೊದಿಂದ ಹೊರಟ ಶಿಂಕನ್ಸೆನ್ ಎಂಬ ಅತಿವೇಗದ ರೈಲು ಎರಡು ಗಂಟೆಗೆ ಸ್ವಲ್ಪ ಮೇಲೆ ತೊಯಾಮಾ ಮುಟ್ಟುತ್ತದೆ. 2015ರಲ್ಲಿ ಈ ಮಾರ್ಗ ಕನಝಾವಾದವರೆಗೆ ಬಂದ ಮೇಲೆ ಹೊಕುರಿಕು ಟೋಕಿಯೊದವರಿಗೆ ತೀರ ಹತ್ತಿರವಾಯಿತು. ಸುರಂಗಗಳ ಸರಣಿ ಮುಗಿದು ಬಯಲಿಗೆ ಬಂದೊಡನೆ ಎಡಗಡೆ ತತೆಯಾಮಾ ಪರ್ವತಶ್ರೇಣಿ, ಏಪ್ರಿಲ್‌ನಲ್ಲೂ ನೆತ್ತಿಯಿಂದ ಸೊಂಟದವರೆಗೆ ಹಿಮ ಹೊದ್ದು, ಒಮ್ಮೆಗೇ ಎದ್ದು ನಿಲ್ಲುತ್ತದೆ. ಈ ಬೆಟ್ಟಗಳ ಎತ್ತರ 3,000 ಮೀಟರ್; ಇವುಗಳ ಕೆಳಗಿನ ತೊಯಾಮಾ ಕೊಲ್ಲಿಯ ಆಳ 1,000 ಮೀಟರಿಗೂ ಹೆಚ್ಚು. ಎರಡಕ್ಕೂ ನಡುವೆ ಇರುವುದು ಗದ್ದೆಗಳ ಕಿರಿದಾದ ಬಯಲು ಮಾತ್ರ. ಹಿಮ ಕರಗಿದ ನೀರು ಹೊಳೆಗಳಾಗಿ ಗದ್ದೆಗೆ ಹರಿದು, ಸಾಕೆ ಮಾಡುವವರ ಬಾವಿಗೆ ಇಳಿದು, ಕೊನೆಗೆ ಕೊಲ್ಲಿಯನ್ನು ಸೇರುತ್ತದೆ. ಕೊಲ್ಲಿಯ ಮೇಲ್ಪದರದಲ್ಲಿ ತ್ಸುಶಿಮಾ ಪ್ರವಾಹದ ಬೆಚ್ಚಗಿನ ನೀರು, ಸುಮಾರು 300 ಮೀಟರ್ ಕೆಳಗೆ ಕೊರೆಯುವಷ್ಟು ತಣ್ಣನೆಯ ನೀರು. ಹೀಗಾಗಿ ಎರಡು ಬೇರೆ ಬೇರೆ ಕಡಲುಗಳ ಮೀನುಗಳು ಇಲ್ಲಿ ಒಂದೇ ಬಂದರಿಗೆ ಬರುತ್ತವೆ. ಆಳವಾದ ನೀರು ದಡಕ್ಕೆ ಅಷ್ಟು ಹತ್ತಿರವಿರುವುದರಿಂದ ದೋಣಿಗಳು ಬೆಳಗಿನ ಜಾವ ಹೋಗಿ ಬೆಳಕು ಹರಿಯುವಷ್ಟರಲ್ಲಿ ಮರಳುತ್ತವೆ. ತೊಯಾಮಾದ ಮೀನು ರುಚಿ ಎನ್ನುವುದಕ್ಕೆ ಮುಖ್ಯ ಕಾರಣ ಈ ಹತ್ತಿರವೇ ಎಂದು ನನಗೆ ಆಮೇಲೆ ಮನವರಿಕೆಯಾಯಿತು.

ಸಂಜೆ ಸಕುರಾಗಿಚೊ ಎಂಬ ಬಡಾವಣೆಯ ಒಂದು ಓಣಿಯಲ್ಲಿ, ಬಾಗಿಲಿಗೆ ನೀಲಿ ಬಟ್ಟೆಯ ಪರದೆ ಇಳಿಬಿಟ್ಟ ಅಂಗಡಿಯೊಂದನ್ನು ಹೊಕ್ಕೆವು. ಕೌಂಟರಿನ ಮುಂದೆ ಎಂಟು ಜನ ಕೂರಬಹುದು, ಹಿಂದೆ ಎರಡು ಮೇಜು. ಕೂತ ಕೂಡಲೇ ಕೈ ಒರೆಸಿಕೊಳ್ಳಲು ಬಿಸಿ ಬಟ್ಟೆ, ಅದರ ಹಿಂದೆಯೇ ನಾವು ಕೇಳದ ಒಂದು ಪುಟ್ಟ ಬಟ್ಟಲು ಬಂತು. ಇದು ಒತೋಶಿ, ಕೂತಿದ್ದಕ್ಕೆ ಸಲ್ಲುವ ಹಣ ಎನ್ನಬಹುದು, ಸಾಮಾನ್ಯವಾಗಿ 300ರಿಂದ 500 ಯೆನ್. ಇದರ ಬಗ್ಗೆ ಗೊಣಗುವ ಪ್ರವಾಸಿಗರಿದ್ದಾರೆ. ನನಗಂತೂ ಅಡುಗೆಯವನ ಕೈಗುಣ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಕಾಣಲಿಲ್ಲ. ಅಂದು ಬಟ್ಟಲಿನಲ್ಲಿ ಇದ್ದದ್ದು ಎಳೆಯ ಬಿದಿರು ಕಳಲೆ ಮತ್ತು ಕಡಲಕಳೆ, ಮೀನಿನ ಸಾರಿನಲ್ಲಿ ಬೆಂದದ್ದು. ಕಳಲೆಯ ತುದಿ ಹಲ್ಲಿಗೆ ಸಿಕ್ಕಿದಾಗ ತುಸು ಒಗರು ಉಳಿದಿತ್ತು, ಅಷ್ಟನ್ನು ಬೇಕೆಂದೇ ಉಳಿಸಿದ್ದರು.

ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹೆಸರುಗಳು ಅಂದಿನ ಪಟ್ಟಿ. ಅಚ್ಚು ಹಾಕಿದ ಪಟ್ಟಿಯೂ ಇತ್ತು, ಆದರೆ ಗೆಳೆಯ ಅದನ್ನು ತೆರೆಯಲೇ ಇಲ್ಲ. "ಅದು ಬಿಡು ಮಾರಾಯ, ಬಂದರಿನಿಂದ ಇವತ್ತು ಏನು ಬಂದಿದೆಯೋ ಅದು ಹಲಗೆಯ ಮೇಲಿದೆ" ಎಂದ. ನಾವು ಮೊದಲು ತರಿಸಿದ್ದು ಕೊಂಬುಜಿಮೆ. ಕತ್ತಿಮೀನಿನ ತುಂಡುಗಳನ್ನು ಕೊಂಬು ಎಂಬ ಅಗಲವಾದ ಒಣ ಕಡಲಕಳೆಯ ಎರಡು ಹಾಳೆಗಳ ನಡುವೆ ಒತ್ತಿ ರಾತ್ರಿಯಿಡೀ ಇಟ್ಟರೆ, ಕಳೆ ಮೀನಿನ ನೀರನ್ನು ಹೀರಿಕೊಂಡು ತನ್ನ ಸಾರವನ್ನು ಮೀನಿಗೆ ಬಿಟ್ಟುಕೊಡುತ್ತದೆ. ಮೀನು ಗಟ್ಟಿಯಾಗಿ, ಅಂಚಿನಲ್ಲಿ ಕಂದುಬಣ್ಣಕ್ಕೆ ತಿರುಗಿ, ನಾಲಿಗೆಗೆ ಸ್ವಲ್ಪ ಅಂಟುತ್ತದೆ. ಸೋಯಾ ಸಾಸ್ ಬೇಕಾಗುವುದಿಲ್ಲ. ಜೊತೆಗೆ ಕೇಳಿದ್ದು ತತೆಯಾಮಾ ಎಂಬ ಹೆಸರಿನ ಸಾಕೆ. ತೊಯಾಮಾದ ಜನ ದಿನನಿತ್ಯ ಕುಡಿಯುವ, ದುಬಾರಿಯಲ್ಲದ ಸಾಕೆ ಇದು. ಒಂದು ಗೋ, ಎಂದರೆ 180 ಮಿಲಿಲೀಟರ್, ಬಿಸಿ ಮಾಡಿಸಿಕೊಂಡೆವು.

ಬಿಸಿ ಮಾಡುವ ಬಗೆಯನ್ನು ನಾನು ಕೌಂಟರಿನ ಮೇಲೆ ಬಾಗಿ ನೋಡಿದೆ. ಮಾಲೀಕರು ಚಿರೊರಿ ಎಂಬ ಹಿಡಿಕೆಯಿರುವ ಲೋಹದ ಪಾತ್ರೆಗೆ ಸಾಕೆ ಸುರಿದು, ಒಲೆಯಿಂದ ಇಳಿಸಿದ ಬಿಸಿನೀರಿನಲ್ಲಿ ಇಟ್ಟರು. ಮಾತನಾಡುತ್ತಲೇ ಇದ್ದವರು ನಡುವೆ ಒಮ್ಮೆ ಪಾತ್ರೆ ಎತ್ತಿ ತಳವನ್ನು ನಡುಬೆರಳಿನಿಂದ ಮುಟ್ಟಿ ಮತ್ತೆ ಇಟ್ಟರು. ಎರಡನೆಯ ಸಲ ಮುಟ್ಟಿದಾಗ ತಲೆಯಾಡಿಸಿ ಹೂಜಿಗೆ ಸುರಿದರು. ಥರ್ಮಾಮೀಟರ್ ಪಕ್ಕದಲ್ಲೇ ನೇತಾಡುತ್ತಿತ್ತು, ಅದನ್ನು ಅವರು ಮುಟ್ಟಲಿಲ್ಲ. 40 ಡಿಗ್ರಿಯ ಆಸುಪಾಸಿನದಕ್ಕೆ ನುರುಕಾನ್ ಎಂದೂ 50 ಡಿಗ್ರಿಯದಕ್ಕೆ ಅತ್ಸುಕಾನ್ ಎಂದೂ ಹೆಸರು. ಬೆಚ್ಚಗಾದಾಗ ಅಕ್ಕಿಯ ರುಚಿ ಮುಂದೆ ಬರುತ್ತದೆ, ಬಾಯಲ್ಲಿ ಉಳಿದ ಮೀನಿನ ಕೊಬ್ಬು ಕರಗಿ ಹೋಗುತ್ತದೆ. ತಣ್ಣಗೆ ಕುಡಿಯುವುದೇ ಉತ್ತಮ ದರ್ಜೆಯ ಲಕ್ಷಣ ಎಂಬ ಮಾತು ಈಚೆಗೆ ಎಲ್ಲೆಡೆ ಕೇಳುತ್ತದೆ. ಆ ರಾತ್ರಿಯ ಅನುಭವದ ಮೇಲೆ ಹೇಳುವುದಾದರೆ ನಾನು ಅದನ್ನು ಒಪ್ಪಲಾರೆ.

ಎರಡನೆಯ ದಿನ: ಇವಾಸೆ

ತೊಯಾಮಾ ನಿಲ್ದಾಣದಿಂದ ಟ್ರಾಮಿನಲ್ಲಿ ಅರ್ಧ ಗಂಟೆಯೊಳಗೆ ಇವಾಸೆ ಎಂಬ ಹಳೆಯ ಬಂದರಿಗೆ ಹೋಗಬಹುದು. ಸೊರಗಿದ್ದ ರೈಲು ಮಾರ್ಗವೊಂದನ್ನು 2006ರಲ್ಲಿ ಟ್ರಾಮ್ ಮಾರ್ಗವಾಗಿ ಬದಲಿಸಿ ಉಳಿಸಿಕೊಂಡ ಊರು ಇದು. ಎದೊ ಕಾಲದ (1603–1868) ನಡುವಿನಿಂದ ಮೇಜಿ ಕಾಲದವರೆಗೆ (1868–1912) ಕಿತಾಮಾಏಬುನೆ ಎಂಬ ವ್ಯಾಪಾರಿ ಹಡಗುಗಳು ಒಸಾಕಾದಿಂದ ಹೊರಟು, ಪಶ್ಚಿಮದ ಜಲಸಂಧಿಯನ್ನು ಸುತ್ತಿ, ಈ ಕರಾವಳಿಯ ಬಂದರುಗಳಲ್ಲಿ ಕೊಂಡು ಮಾರುತ್ತ ಉತ್ತರದ ಹೊಕ್ಕೈದೊ ದ್ವೀಪದವರೆಗೆ ಹೋಗುತ್ತಿದ್ದವು. ಹೋಗುವಾಗ ಅಕ್ಕಿ, ಉಪ್ಪು, ಸಾಕೆ. ಬರುವಾಗ ಹೆರಿಂಗ್ ಮೀನಿನ ಗೊಬ್ಬರ ಮತ್ತು ಕೊಂಬು ಕಡಲಕಳೆ. ತೊಯಾಮಾ ಕೊಲ್ಲಿಯಲ್ಲಿ ಬೆಳೆಯದ ಕಡಲಕಳೆ ತೊಯಾಮಾದ ಅಡುಗೆಮನೆಯನ್ನು ಆಳುತ್ತಿರುವುದು ಹೀಗೆ. ಹಿಂದಿನ ರಾತ್ರಿ ನಾವು ತಿಂದ ಕತ್ತಿಮೀನಿನ ಹಿಂದೆ ಈ ಹಡಗುಗಳಿದ್ದವು ಎಂದು ತಿಳಿದಾಗ ಆ ತಟ್ಟೆಯ ಮೇಲಿನ ಗೌರವ ಹೆಚ್ಚಾಯಿತು. ಇಂದಿಗೂ ಮನೆಯೊಂದಕ್ಕೆ ಕೊಳ್ಳುವ ಕೊಂಬಿನ ಲೆಕ್ಕದಲ್ಲಿ ತೊಯಾಮಾ ಜಪಾನಿನ ಮುಂಚೂಣಿಯಲ್ಲಿರುವ ಊರು. ಅನ್ನದ ಉಂಡೆಗೆ ಬೇರೆಡೆ ನೊರಿ ಎಂಬ ತೆಳು ಕಡಲಕಳೆಯ ಹಾಳೆ ಸುತ್ತಿದರೆ, ಇಲ್ಲಿ ಹತ್ತಿಯ ಹಾಗೆ ಹೆರೆದ ಕೊಂಬನ್ನು ಮೆತ್ತುತ್ತಾರೆ.

1873ರ ಬೆಂಕಿಯಲ್ಲಿ ಇವಾಸೆಯ ಬಹುಪಾಲು ಸುಟ್ಟುಹೋದ ಮೇಲೆ ಹಡಗಿನ ಧಣಿಗಳು ಕಟ್ಟಿಸಿದ ಮನೆಗಳು ಈಗಲೂ ಬೀದಿಯ ಎರಡೂ ಬದಿ ನಿಂತಿವೆ. 1878ರಲ್ಲಿ ಕಟ್ಟಿದ ಮೋರಿ ಮನೆಯೊಳಗೆ ಹೋಗಿ ನೋಡಬಹುದು. ಅದೇ ಬೀದಿಯಲ್ಲಿ ಮಸುಇಝುಮಿ ಸಾಕೆಯನ್ನು ಮಾಡುವ ಮಸುದಾ ಮನೆತನದ ಕಾರ್ಖಾನೆಯಿದೆ. ಹಳೆಯ ಗೋದಾಮುಗಳಲ್ಲಿ ಗಾಜು ಊದುವವರೂ ಕುಂಬಾರರೂ ಕೆಲಸ ಮಾಡುತ್ತಿರುವುದು ಈ ಮನೆತನದ ಆಸಕ್ತಿಯಿಂದಲೇ. ಗಿಂಜೊ ಎಂಬ ದರ್ಜೆಗೆ ಅಕ್ಕಿಯನ್ನು ಉಜ್ಜಿ ಉಜ್ಜಿ, ಕಾಳಿನ ಶೇಕಡಾ 60 ಅಥವಾ ಅದಕ್ಕಿಂತ ಕಡಿಮೆ ಮಾತ್ರ ಉಳಿಸಿಕೊಳ್ಳುತ್ತಾರೆ. ದೈಗಿಂಜೊ ಆದರೆ ಶೇಕಡಾ 50. ಹೊರಪದರದ ಕೊಬ್ಬು ಮತ್ತು ಪ್ರೋಟೀನ್ ಹೋದಷ್ಟೂ ಸುವಾಸನೆ ತಿಳಿಯಾಗುತ್ತದೆ. ಬೇಯಿಸಿದ ಅಕ್ಕಿಯ ಮೇಲೆ ಕೋಜಿ ಎಂಬ ಬೂಷ್ಟು ಬೆಳೆಸಿ, ಅದು ಪಿಷ್ಟವನ್ನು ಸಕ್ಕರೆಯಾಗಿಸುತ್ತಿರುವಾಗಲೇ ಅದೇ ತೊಟ್ಟಿಯಲ್ಲಿ ಯೀಸ್ಟ್ ಆ ಸಕ್ಕರೆಯನ್ನು ಮದ್ಯವಾಗಿಸುವುದು ಈ ವಿದ್ಯೆಯ ತಿರುಳು. ಕೋಜಿ ಬಳಸಿ ಸಾಕೆ ಮಾಡುವ ಈ ಸಾಂಪ್ರದಾಯಿಕ ಜ್ಞಾನವನ್ನು ಯುನೆಸ್ಕೊ 2024ರ ಡಿಸೆಂಬರಿನಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಇವಾಸೆಯ ಮೀನುಗಾರರಿಗೆ ಏಪ್ರಿಲ್ ಎಂದರೆ ಶಿರೊಎಬಿ ಎಂಬ ಬಿಳಿ ಸಿಗಡಿಯ ಹಂಗಾಮು ಶುರುವಾಗುವ ತಿಂಗಳು, ನವೆಂಬರ್‌ವರೆಗೆ ಹಿಡಿಯುತ್ತಾರೆ. ಬೆರಳುದ್ದದ, ಗಾಜಿನಂತೆ ಒಳಗೆಲ್ಲ ಕಾಣುವ ಈ ಸಿಗಡಿಯ ಸಿಪ್ಪೆಯನ್ನು ಒಂದೊಂದಾಗಿ ಕೈಯಲ್ಲೇ ಸುಲಿಯಬೇಕು, ಆದ್ದರಿಂದ ಹಸಿಯಾಗಿ ಬಡಿಸುವ ಸಾಶಿಮಿಯ ಒಂದು ಸಣ್ಣ ತಟ್ಟೆಗೂ ಬೆಲೆ ಹೆಚ್ಚು. ಮಧ್ಯಾಹ್ನ ಅದನ್ನು ಹಸಿಯಾಗಿಯೂ ಇಡಿಯಾಗಿ ಕರಿದೂ ತಿಂದೆವು. ಹಸಿಯಾದದ್ದು ಸಿಹಿ, ಮೆತ್ತಗೆ. ಮಸುಇಝುಮಿಯ ತಣ್ಣನೆಯ ಗಿಂಜೊ ಅದಕ್ಕೆ ಒಪ್ಪಿತು. ಕರಿದದ್ದೇ ನನಗೆ ಹೆಚ್ಚು ಹಿಡಿಸಿತು. ಸಂಜೆಯ ರೈಲಿನಲ್ಲಿ ನಮೆರಿಕಾವಾಕ್ಕೆ ಹೋಗಿ, ಕುಡಿಯದೆ, ಬೇಗ ಮಲಗಿದೆವು.

ಮೂರನೆಯ ದಿನ: ನಮೆರಿಕಾವಾ

ಮಾರ್ಚ್ ಕೊನೆಯಿಂದ ಮೇ ಮೊದಲ ವಾರದವರೆಗೆ ನಮೆರಿಕಾವಾ ಬಂದರಿನಿಂದ ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ ಪ್ರವಾಸಿಗರ ದೋಣಿ ಹೊರಡುತ್ತದೆ. ಅಲೆ ಎದ್ದರೆ ಹೊರಡುವುದಿಲ್ಲ. ಅಂದು ಕಡಲು ಶಾಂತವಾಗಿತ್ತು. ನೋಡಲು ಹೋದದ್ದು ಹೊತಾರುಇಕಾ ಎಂಬ ಬೊಂಡಾಸನ್ನು, ಹೆಬ್ಬೆರಳಿಗಿಂತ ತುಸು ಉದ್ದದ, ಮೈಯಿಂದ ನೀಲಿ ಬೆಳಕು ಹೊಮ್ಮಿಸುವ ಜೀವವನ್ನು. ಹಗಲು ನೂರಾರು ಮೀಟರ್ ಆಳದಲ್ಲಿರುವ ಇವು ವಸಂತದ ರಾತ್ರಿಗಳಲ್ಲಿ ಮೊಟ್ಟೆಯಿಡಲು ದಡದತ್ತ ಏರಿ ಬರುತ್ತವೆ. ಬಲೆಗೆ ಬೀಳುವವೆಲ್ಲ ಹೆಚ್ಚುಕಡಿಮೆ ಹೆಣ್ಣುಗಳೇ. ಇವು ಗುಂಪುಗೂಡುವ ಈ ಕಡಲ ಭಾಗವನ್ನು ಜಪಾನ್ ಸರಕಾರ 1952ರಲ್ಲಿ ವಿಶೇಷ ನೈಸರ್ಗಿಕ ಸ್ಮಾರಕವೆಂದು ಘೋಷಿಸಿದೆ.

ಹಿಡಿಯುವುದು ನೆಟ್ಟ ಬಲೆಯಲ್ಲಿ. ನಮ್ಮ ಕರಾವಳಿಯ ರಂಪಣಿಯಲ್ಲಿ ಬಲೆಯನ್ನು ಕಡಲಿಗೆ ಬೀಸಿ ಊರ ಜನ ಸೇರಿ ದಡಕ್ಕೆ ಎಳೆದರೆ, ಇಲ್ಲಿ ಬಲೆ ಹಂಗಾಮು ಮುಗಿಯುವವರೆಗೂ ಲಂಗರು ಹಾಕಿಕೊಂಡು ನಿಂತೇ ಇರುತ್ತದೆ. ಮೀನು ತಾನಾಗಿ ಒಳಗೆ ಬರಬೇಕು, ಬಂದದ್ದರಲ್ಲಿ ಎಷ್ಟೋ ಪಾಲು ತಪ್ಪಿಸಿಕೊಂಡು ಹೋಗಲೂಬಹುದು. ದಡಕ್ಕೆ ಹತ್ತಿರದ ನೀರಿನ ಬದುಕನ್ನು ಬರಿದು ಮಾಡದ ಈ ಎರಡೂ ಪದ್ಧತಿಗಳಲ್ಲಿ ನಮ್ಮದು ಎಪ್ಪತ್ತರ ದಶಕದ ಕೊನೆಯಲ್ಲಿ ಮೀನಿನ ಗುಂಪನ್ನೇ ಬಲೆಯಿಂದ ಸುತ್ತುಗಟ್ಟಿ ಹಿಡಿಯುವ ಪರ್ಸೀನ್ ಬೋಟುಗಳ ಹೊಡೆತಕ್ಕೆ ಸಿಕ್ಕಿ ಬಹುತೇಕ ನಿಂತುಹೋಯಿತು, ಅವರದು ಇನ್ನೂ ಉಳಿದಿದೆ. ಗೆಳೆಯನೂ ನಾನೂ ದೋಣಿಯ ಅಂಚಿನಲ್ಲಿ ನಿಂತು ಇದನ್ನೇ ಮಾತನಾಡುತ್ತಿದ್ದಾಗ ಮೀನುಗಾರರು ಬಲೆಯನ್ನು ಎಳೆದು ಕಿರಿದು ಮಾಡುತ್ತ ಬಂದರು, ದೋಣಿಗಳ ದೀಪಗಳು ಆರಿದವು. ಕಪ್ಪು ನೀರಿನಲ್ಲಿ ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕೆ. ಹಗ್ಗ ಜಗ್ಗಿದಾಗ ಇಡೀ ಬಲೆಯ ಬಾಯಿ ನೀಲಿಯಾಗಿ ಉರಿಯಿತು. ಹೊಟ್ಟೆಯ ಕಡೆಯ ಮಂದ ಬೆಳಕು ಕೆಳಗಿನಿಂದ ನೋಡುವ ಶತ್ರುವಿಗೆ ನೆರಳು ಕಾಣದಂತೆ ಮಾಡಲು ಎಂದೂ, ತೋಳುಗಳ ತುದಿಯ ಪ್ರಖರ ಬೆಳಕು ಬೆದರಿದಾಗ ಹೊರಡುವುದೆಂದೂ ಹೇಳುತ್ತಾರೆ.

ಹ್ಯೋಗೊ ಪ್ರಾಂತ್ಯದ ಟ್ರಾಲರ್‌ಗಳು ತೊಯಾಮಾಕ್ಕಿಂತ ಹೆಚ್ಚು ಹೊತಾರುಇಕಾ ಹಿಡಿಯುತ್ತವೆ. ಆದರೆ ನೆಟ್ಟ ಬಲೆಯಲ್ಲಿ ಸಿಕ್ಕಿದ, ತುಂಬಿ ಬೆಳೆದ, ಒಂದಕ್ಕೊಂದು ಒತ್ತಿ ಜಜ್ಜಿಹೋಗದ ತೊಯಾಮಾದ ಬೊಂಡಾಸಿಗೆ ಇಜಕಾಯಾಗಳಲ್ಲಿ ಬೇರೆಯೇ ಬೆಲೆ. ಬಂದರಿನಲ್ಲೇ ಉಪ್ಪುನೀರಿನಲ್ಲಿ ಕುದಿಸಿದಾಗ ಅದು ಉಬ್ಬಿ ಕೆಂಪು ನೇರಳೆಗೆ ತಿರುಗುತ್ತದೆ. ಒಳಾಂಗಗಳೊಡನೆ ಹಸಿಯಾಗಿ ತಿನ್ನುವುದು ಪರಾವಲಂಬಿ ಹುಳುಗಳ ಕಾರಣದಿಂದ ಅಪಾಯಕಾರಿ; ಹಾಗೆ ಬಡಿಸುವ ಮೊದಲು 30 ಡಿಗ್ರಿ ಶೂನ್ಯಕ್ಕಿಂತ ಕೆಳಗೆ ನಾಲ್ಕು ದಿನ ಹೆಪ್ಪುಗಟ್ಟಿಸಿರಬೇಕು. ನಿದ್ದೆ ತೀರಿಸಿಕೊಂಡು ಸಂಜೆ ಐದಕ್ಕೆ ನಿಲ್ದಾಣದ ಹತ್ತಿರದ ಪುಟ್ಟ ಅಂಗಡಿಗೆ ಹೋದಾಗ, ಅಲ್ಲಿನ ಒಡತಿ ಕೌಂಟರಿನ ಹಿಂದೆ ಚಿಮಟ ಹಿಡಿದು ಕೂತಿದ್ದರು. ಬೆಂದ ಒಂದೊಂದು ಬೊಂಡಾಸಿನಿಂದ ಎರಡು ಕಣ್ಣು, ತೋಳುಗಳ ನಡುವೆ ಅಡಗಿದ ಕೊಕ್ಕು, ಬೆನ್ನೊಳಗಿನ ಪಾರದರ್ಶಕ ಮುಳ್ಳು, ಇಷ್ಟನ್ನೂ ಕಿತ್ತು ತಟ್ಟೆಯ ಅಂಚಿಗೆ ಒರೆಸುತ್ತಿದ್ದರು. ಬುಟ್ಟಿಯಲ್ಲಿ ಇನ್ನೂ ನೂರಾರು ಉಳಿದಿದ್ದವು. ಇದನ್ನು ಮಾಡದಿದ್ದರೂ ತಿನ್ನಬಹುದಲ್ಲ ಎಂದು ಗೆಳೆಯ ಕೇಳಿದ್ದಕ್ಕೆ, ತಿನ್ನಬಹುದು, ಆದರೆ ಬಾಯಿಗೆ ಚುಚ್ಚುವುದನ್ನು ದುಡ್ಡು ಕೊಟ್ಟು ಬಂದವರಿಗೆ ಬಡಿಸಲಾರೆ ಎಂದರು. ಹುಳಿ ಬೆರೆಸಿದ ಮಿಸೊ (ಸೋಯಾ ಕಾಳನ್ನು ಹುದುಗಿಸಿ ಮಾಡಿದ ಹಿಟ್ಟು) ಮತ್ತು ಸಾಸಿವೆಯೊಡನೆ ಅವರು ಕೊಟ್ಟ ಆ ಬೊಂಡಾಸನ್ನು ಕಚ್ಚಿದಾಗ ಒಳಗಿನ ಯಕೃತ್ತು ಬೆಣ್ಣೆಯಂತೆ ಒಡೆಯಿತು. ಆಮೇಲೆ ಒಂದು ತುತ್ತು ಬಿಸಿ ಸಾಕೆ. ಈ ಪ್ರವಾಸದಲ್ಲಿ ತಿಂದವುಗಳಲ್ಲಿ ಇದಕ್ಕೇ ನನ್ನ ಮೊದಲ ಸ್ಥಾನ.

ನಾಲ್ಕನೆಯ ದಿನ: ತ್ಸುರುಗಿ ಮತ್ತು ಕನಝಾವಾ

ಬೆಳಗ್ಗೆ ಕನಝಾವಾ ತಲುಪಿ, ಸಾಮಾನು ಹೋಟೆಲಿನಲ್ಲಿಟ್ಟು, ಸ್ಥಳೀಯ ರೈಲು ಹಿಡಿದು ಹಾಕುಸಾನ್ ಬೆಟ್ಟದ ಬುಡದ ತ್ಸುರುಗಿಗೆ ಹೋದೆವು. ಹಾಕುಸಾನ್ 2,702 ಮೀಟರ್ ಎತ್ತರದ ಪವಿತ್ರ ಪರ್ವತ. ಅದರ ಹಿಮದಿಂದ ಹುಟ್ಟುವ ತೆದೊರಿ ನದಿಯ ಬಯಲಿನಲ್ಲಿ ಕಿಕುಹಿಮೆ, ತೆಂಗುಮಾಯ್, ತೆದೊರಿಗಾವಾ ಮೊದಲಾದ ಹೆಸರಾಂತ ಸಾಕೆಗಳು ತಯಾರಾಗುತ್ತವೆ. ಇಲ್ಲಿನ ಸಾಕೆಗೆ 2005ರಲ್ಲಿ ಸಿಕ್ಕಿದ ಭೌಗೋಳಿಕ ಮಾನ್ಯತೆ ಜಪಾನಿನ ಸಾಕೆಗಳಲ್ಲೇ ಮೊದಲನೆಯದು. ಹಾಕುಸಾನ್ ನಗರದೊಳಗೆ, ಅಲ್ಲಿನದೇ ನೀರಿನಿಂದ ಮಾಡಿದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಈ ಕಡೆಯ ಹೆಗ್ಗಳಿಕೆ ಯಮಾಹಾಯ್ ಪದ್ಧತಿ. ಯೀಸ್ಟ್ ಬೆಳೆಸುವ ಮೊದಲ ಹಂತದಲ್ಲಿ ಹುಳಿಯನ್ನು ಹೊರಗಿನಿಂದ ಸೇರಿಸದೆ, ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳೇ ಹುಳಿ ಹುಟ್ಟಿಸಲಿ ಎಂದು ವಾರಗಟ್ಟಲೆ ಕಾಯುವ ಪದ್ಧತಿ ಅದು. ಸಾಕೆಗೆ ಗಟ್ಟಿ ಹುಳಿಯೂ ಅಕ್ಕಿಯ ದಟ್ಟ ಸಾರವೂ ಬರುತ್ತವೆ. ಇದನ್ನು ಉಳಿಸಿ ಬೆಳೆಸಿದವರು ನೊತೊ ಪರ್ಯಾಯದ್ವೀಪದ ತೋಜಿಗಳು, ಎಂದರೆ ಸಾಕೆ ಕೆಲಸದ ಮೇಸ್ತ್ರಿಗಳು. ಬೇಸಿಗೆಯಲ್ಲಿ ತಮ್ಮ ಊರಿನಲ್ಲಿ ಬೇಸಾಯ, ಮೀನುಗಾರಿಕೆ ಮಾಡಿ ಚಳಿಗಾಲಕ್ಕೆ ಗುಂಪು ಕಟ್ಟಿಕೊಂಡು ಸಾಕೆ ಮನೆಗಳಿಗೆ ಹೋಗುತ್ತಿದ್ದವರು. 1932ರಲ್ಲಿ ಹುಟ್ಟಿದ ನೊಗುಚಿ ನಾವೊಹಿಕೊ ಅವರಲ್ಲಿ ಪ್ರಸಿದ್ಧರು. ಕಿಕುಹಿಮೆಯಲ್ಲಿ ದಶಕಗಳ ಕಾಲ ದುಡಿದು, ನಿವೃತ್ತಿಯ ನಂತರ ಮತ್ತೆ ಮರಳಿ, 2017ರಲ್ಲಿ ಕೊಮಾತ್ಸುವಿನಲ್ಲಿ ತಮ್ಮದೇ ಹೆಸರಿನ ಸಂಸ್ಥೆಯಲ್ಲಿ ಯುವಕರಿಗೆ ಕೆಲಸ ಕಲಿಸಲು ನಿಂತವರು.

ಸಂಜೆ ಕನಝಾವಾದ ಓಮಿಚೊ ಮಾರುಕಟ್ಟೆಯನ್ನು ಬೇಗನೆ ದಾಟಿದೆವು. ಅದು ಈಗ ಪ್ರವಾಸಿಗರಿಗಾಗಿಯೇ ಹೆಚ್ಚು ನಡೆಯುತ್ತಿರುವಂತೆ ಕಂಡಿತು. ಆಮೇಲೆ ಹೊಕ್ಕ ಇಜಕಾಯಾದ ಕೌಂಟರಿನಲ್ಲಿ ಮಾತ್ರ ನಗರದವರೇ ಇದ್ದರು. ಒಬ್ಬರು ಒದೆನ್, ಎಂದರೆ ಸಾರಿನಲ್ಲಿ ನಿಧಾನವಾಗಿ ಬೇಯಿಸುವ ಬಗೆಬಗೆಯ ತಿನಿಸು, ಬೇಯುತ್ತಿದ್ದ ಚೌಕ ಪಾತ್ರೆಯ ಎದುರು ಕೂತು ಬೈಗಾಯ್ ಎಂಬ ಕಡಲ ಶಂಖದ ಮಾಂಸವನ್ನು ಕಡ್ಡಿಯಿಂದ ತಿರುಗಿಸಿ ಎಳೆಯುತ್ತಿದ್ದರು. ನಾವು ನೊದೊಗುರೊ ಸುಡಿಸಿಕೊಂಡೆವು: ಬಾಯೊಳಗೆ ಕಪ್ಪಾದ, ಹೊರಗೆ ಕೆಂಪಾದ, ಕೊಬ್ಬು ತುಂಬಿದ ಮೀನು. ಅದರ ಚರ್ಮದ ಕೆಳಗಿನ ಎಣ್ಣೆ ಉಪ್ಪಿನೊಡನೆ ಸೇರಿ ಕುದಿಯುತ್ತಿದ್ದಾಗಲೇ ತಟ್ಟೆಗೆ ಬಂತು. ಅದರ ಜೊತೆ ಬಿಸಿ ಮಾಡಿದ ತೆಂಗುಮಾಯ್ ಯಮಾಹಾಯ್ ಕುಡಿದಾಗ, ಆ ಹುಳಿ ಯಾಕೆ ಬೇಕು ಎಂಬುದು ತಾನಾಗಿ ತಿಳಿಯಿತು.

ಆಮೇಲೆ ಮಾಲೀಕರು ತೆಳುವಾಗಿ ಕೊಯ್ದ, ಹಳದಿ ಬಣ್ಣದ ಕೆಲವು ಬಿಲ್ಲೆಗಳನ್ನು ಮುಂದಿಟ್ಟರು. ಫುಗು ಮೀನಿನ ಮೊಟ್ಟೆಚೀಲ! ಟೆಟ್ರೊಡೋಟಾಕ್ಸಿನ್ ಎಂಬ ಮಾರಕ ವಿಷ ತುಂಬಿರುವ ಆ ಅಂಗವನ್ನು ಒಂದು ವರ್ಷಕ್ಕೂ ಮಿಕ್ಕಿ ಉಪ್ಪಿನಲ್ಲಿಟ್ಟು, ಬಳಿಕ ತೌಡಿನಲ್ಲಿ ಇನ್ನೂ ವರ್ಷಗಟ್ಟಲೆ ಹುದುಗಿಸಿದರೆ ವಿಷ ಇಳಿಯುತ್ತದೆ. ಇಶಿಕಾವಾ ಪ್ರಾಂತ್ಯದ ಮಿಕಾವಾ, ಕನಾಇವಾ ಮೊದಲಾದ ಕಡಲೂರುಗಳಲ್ಲಿ ಮಾಡುತ್ತಾರೆ. ಮಾರುವ ಮುನ್ನ ವಿಷಪರೀಕ್ಷೆ ಆಗಲೇಬೇಕು. ಉಪ್ಪು ಬಲು ಖಾರವಾಗಿ ನಾಲಿಗೆಗೆ ತಾಗಿತು, ಕಾಳುಕಾಳಾಗಿ ಒಡೆಯಿತು, ಹಿಂದೆಯೇ ಹಳೆಯ ಗಿಣ್ಣಿನಂಥ ಆಳವಾದ ರುಚಿ. ಅಷ್ಟು ತಾಳ್ಮೆಯಿಂದ ಒಂದು ವಿಷವನ್ನು ಊಟವಾಗಿಸಿದ ಜನರ ಬಗ್ಗೆ ಅಚ್ಚರಿ ಇನ್ನೂ ಹೋಗಿಲ್ಲ.

ಕೊನೆಗೆ ಬಂದದ್ದು ನೊತೊದ ಸಾಕೆ. 2024ರ ಜನವರಿ 1ರ ಸಂಜೆ 7.6 ಪ್ರಮಾಣದ ಭೂಕಂಪ ನೊತೊವನ್ನು ಅಲುಗಿಸಿದಾಗ ಸಾಕೆ ಮನೆಗಳಲ್ಲಿ ಚಳಿಗಾಲದ ಕೆಲಸ ತುಂಬ ಬಿರುಸಾಗಿ ನಡೆಯುವ ಕಾಲ. ಅಲ್ಲಿನ ವಾಜಿಮಾ, ಸುಝು ಊರುಗಳ ಕಟ್ಟಡಗಳು ಕುಸಿದವು, ತೊಟ್ಟಿಗಳು ಅವುಗಳಡಿ ಸಿಕ್ಕವು. ಉತ್ತರ ಕರಾವಳಿಯ ಕೆಲವೆಡೆ ಕಡಲ ತಳವೇ ಸುಮಾರು 4 ಮೀಟರ್ ಮೇಲೆದ್ದು ದೋಣಿಗಳು ಬಂದರಿನಲ್ಲೇ ಒಣನೆಲಕ್ಕೆ ಸಿಕ್ಕಿದಂತಾದವು. ಅವಶೇಷಗಳಡಿಯಿಂದ ಹೊರತೆಗೆದ ಅಕ್ಕಿಯನ್ನೂ ಹುದುಗುತ್ತಿದ್ದ ರಸವನ್ನೂ ಬೇರೆ ಊರಿನ ಸಾಕೆ ಮನೆಗಳು ತಮ್ಮ ತೊಟ್ಟಿಗಳಲ್ಲಿ ಜಾಗ ಮಾಡಿಕೊಟ್ಟು ಪೂರೈಸಿಕೊಟ್ಟವು. ಕಟ್ಟಡ ಕಳೆದುಕೊಂಡವರು ಆ ಬಳಿಕವೂ ಪರರ ಮನೆಯಲ್ಲಿ ನಿಂತು ತಮ್ಮ ಹೆಸರಿನ ಸಾಕೆ ಮಾಡಿದರು. ನಮ್ಮ ಮುಂದಿದ್ದ ಬಾಟಲಿಯ ಮೇಲೆ ಎರಡು ಸಾಕೆ ಮನೆಗಳ ಹೆಸರಿತ್ತು. ಮಾಲೀಕರು ಪಟ್ಟಿಯಲ್ಲಿ ನೊತೊದ ಸಾಕೆಗಳನ್ನು ಮೊದಲ ಸಾಲುಗಳಿಗೆ ತಂದಿಟ್ಟಿದ್ದರು. ನೊತೊ ಕಡೆಯಿಂದ ಮೀನು ಈಗೀಗ ಮತ್ತೆ ಬರುತ್ತಿದೆ, ಬಂದ ದಿನ ಬೆಲೆ ಚೌಕಾಸಿ ಮಾಡದೆ ಕೊಳ್ಳುತ್ತೇನೆ ಎಂದರು. ನಾವು ಇನ್ನೊಂದು ಗೋ ತರಿಸಿದೆವು.

ಹಣ ಕೊಟ್ಟು ಏಳುವಾಗ ಏಡಿಯ ವಿಷಯ ಕೇಳಿದೆ. ಇಲ್ಲಿನ ಪ್ರಸಿದ್ಧ ಝುವಾಯ್ ಏಡಿಯ ಹಂಗಾಮು ನವೆಂಬರ್ 6ಕ್ಕೆ ತೆರೆಯುತ್ತದೆ, ಮೊಟ್ಟೆ ತುಂಬಿದ ಸಣ್ಣ ಹೆಣ್ಣೇಡಿ ವರ್ಷದ ಕೊನೆಯವರೆಗೆ ಮಾತ್ರ ಸಿಗುತ್ತದೆ, ಅದರ ಚಿಪ್ಪಿಗೇ ಮಾಂಸ ತುಂಬಿ ಒದೆನ್ ಪಾತ್ರೆಯಲ್ಲಿ ಬೇಯಿಸುತ್ತೇವೆ, ಬರುವುದಾದರೆ ತಿಂಗಳ ಮೊದಲೇ ಫೋನ್ ಮಾಡಿ ಎಂದು ಅಂಗಡಿಯ ಕಾರ್ಡನ್ನು ಗೆಳೆಯನ ಕೈಗಿತ್ತರು.